ಕುಕ್ಕರಿನಲ್ಲಿ ಕೇಕು, ಕಿಟಕಿಗೆ ಇಳಕಲ್ ಸೀರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಬೆಂಗಳೂರಿನಲ್ಲಿ ಎರಡು ರೂಮಿನ ಬಾಡಿಗೆ ಮನೆ. ನನ್ನ ತವರು ಸಾಗರದ ಕಡೆ. ಅತ್ತೆ ಹುಬ್ಬಳ್ಳಿಯವರು, ಮೊಟ್ಟೆ ಮುಟ್ಟುವುದಿಲ್ಲ. ಮಕ್ಕಳಿಬ್ಬರಿಗೂ ಕೇಕ್ ಅಂದರೆ ಪ್ರಾಣ. ಇವರೆಲ್ಲರ ನಡುವೆ ಹನ್ನೊಂದು ವರ್ಷದಿಂದ ಬೇಕಿಂಗ್ ಮಾಡುತ್ತಿದ್ದೇನೆ, ಇದ್ದಷ್ಟು ದುಡ್ಡಿನಲ್ಲಿ ಮನೆಯನ್ನೂ ಸಿಂಗರಿಸುತ್ತಿದ್ದೇನೆ. ಮನೆಗೆ ಬಂದವರು, ಮೇಲಿನ ಮಹಡಿಯವರು, ನಾದಿನಿಯರು ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಬರೆದಿಟ್ಟಿದ್ದೇನೆ.

ಓವನ್ ಇಲ್ಲ. ಕುಕ್ಕರಿನಲ್ಲಿ ಕೇಕ್ ನಿಜವಾಗಲೂ ಆಗುತ್ತಾ?

ಆಗುತ್ತೆ. ನಾನು ಮೊದಲ ಮೂರು ವರ್ಷ ಮಾಡಿದ್ದೇ ಅದರಲ್ಲಿ. ಮುಚ್ಚಳದ ಗ್ಯಾಸ್ಕೆಟ್ ತೆಗೆಯಿರಿ, ವಿಷಲ್ ತೆಗೆಯಿರಿ. ಇದನ್ನು ಮರೆತರೆ ಅಪಾಯ. ಆದ್ದರಿಂದ ಅವೆರಡನ್ನೂ ಬೇರೆ ರೂಮಿನಲ್ಲಿ ಇಟ್ಟು ಬಂದ ಮೇಲೆಯೇ ಒಲೆ ಹಚ್ಚಿ. ಕುಕ್ಕರಿನ ತಳಕ್ಕೆ ಒಂದೂವರೆ ಕಪ್ ಕಲ್ಲುಪ್ಪು ಹರಡಿ, ಮೇಲೆ ಒಂದು ಸ್ಟ್ಯಾಂಡ್ ಇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಸಣ್ಣ ಸ್ಟೀಲ್ ತಟ್ಟೆಯನ್ನು ಬೋರಲು ಹಾಕಿ. ನೀರು ಹಾಕಬೇಡಿ. ಮುಚ್ಚಿ, ಮಧ್ಯಮ ಉರಿಯಲ್ಲಿ 10 ನಿಮಿಷ ಕಾಯಿಸಿ. ಆಮೇಲೆ ಟಿನ್ ಒಳಗಿಟ್ಟು ಉರಿ ಪೂರ್ತಿ ಸಣ್ಣ ಮಾಡಿ. 40ರಿಂದ 50 ನಿಮಿಷ ಬೇಕು. ಮೊದಲ ಅರ್ಧ ಗಂಟೆ ಮುಚ್ಚಳ ತೆಗೆದು ಇಣುಕಬೇಡಿ.

5 ಲೀಟರ್ ಕುಕ್ಕರಿಗೆ 6 ಇಂಚಿನ ಟಿನ್ ಸಾಕು. ಟಿನ್ನಿನ ಸುತ್ತ ಒಂದು ಬೆರಳಾದರೂ ಜಾಗ ಇರಬೇಕು, ಬಿಸಿಗಾಳಿ ಓಡಾಡಬೇಕಲ್ಲ. ಬಿಸಿ ಕೆಳಗಿನಿಂದ ಬರುವುದರಿಂದ ಕೇಕಿನ ಮೇಲ್ಭಾಗ ಬೆಳ್ಳಗೇ ಉಳಿಯುತ್ತೆ. ನೆಂಟರ ಮುಂದೆ ಇಡುವಾಗ ತಲೆಕೆಳಗು ಮಾಡಿ, ಯಾರಿಗೂ ಗೊತ್ತಾಗುವುದಿಲ್ಲ. ಹೊಸ ಕುಕ್ಕರ್ ಮಾತ್ರ ಬೇಡ. ಒಣ ಉರಿಗೆ ಅಲ್ಯೂಮಿನಿಯಂ ತಳ ಕಪ್ಪಾಗುತ್ತೆ. ಅಟ್ಟದ ಮೇಲಿರುವ ಹಳೆಯ ದಪ್ಪ ತಳದ ಕುಕ್ಕರನ್ನು ಇಳಿಸಿ, ಅದನ್ನು ಕೇಕಿಗೇ ಮೀಸಲಿಡಿ. ಉಪ್ಪು ಆರಿದ ಮೇಲೆ ಡಬ್ಬಿಗೆ ಹಾಕಿಟ್ಟುಕೊಂಡರೆ ಮುಂದಿನ ಸಾರಿಗೂ ಬರುತ್ತೆ. ಅಡುಗೆಗೆ ಹಾಕುವ ಉಪ್ಪಿನ ಜೊತೆ ಬೆರೆಸಬೇಡಿ, ಅಷ್ಟೇ.

ಇದರಲ್ಲಿ ಹೊಸತೇನೂ ಇಲ್ಲ ಅಂತ ನನ್ನಜ್ಜಿ ಹೇಳುತ್ತಿದ್ದರು. ಸೌತೆಕಾಯಿ ತುರಿದು, ಅಕ್ಕಿರವೆ, ಬೆಲ್ಲ ಸೇರಿಸಿ ದಪ್ಪ ಪಾತ್ರೆಯಲ್ಲಿ ಹಾಕಿ, ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುತ್ತಿದ್ದರು. ಅದು ಓವನ್ ಅಲ್ಲದೆ ಮತ್ತೇನು?

ಓಟಿಜಿ (ಕರೆಂಟಿನ ಸಣ್ಣ ಓವನ್) ಕೊಳ್ಳಬೇಕು ಅಂತಿದ್ದೇನೆ. ಎಷ್ಟು ಲೀಟರಿನದು? ಕರೆಂಟ್ ಬಿಲ್ ಜಾಸ್ತಿ ಬರಲ್ವಾ?

ಕುಕ್ಕರಿನಲ್ಲಿ ಹತ್ತು ಕೇಕ್ ಮಾಡಿ ನೋಡಿ. ಹನ್ನೊಂದನೆಯದಕ್ಕೂ ಹುರುಪು ಉಳಿದಿದ್ದರೆ ಕೊಳ್ಳಿ. ನಾಲ್ಕೈದು ಜನರ ಮನೆಗೆ 25ರಿಂದ 30 ಲೀಟರ್ ಸರಿಹೋಗುತ್ತೆ. ಅದಕ್ಕಿಂತ ಸಣ್ಣದರಲ್ಲಿ ಬಿಸಿಯಾಗುವ ಕಾಯಿಲ್ ಕೇಕಿನ ತಲೆಗೇ ತಾಗುವಷ್ಟು ಹತ್ತಿರ ಇರುತ್ತೆ. ಮೇಲೆ ಸುಟ್ಟು ಒಳಗೆ ಹಸಿ ಉಳಿಯುವುದು ಅದರಿಂದಲೇ.

ಬಿಲ್ಲಿನ ಲೆಕ್ಕ ಸುಲಭ. 1500 ವಾಟಿನ ಓಟಿಜಿ ಒಂದು ಗಂಟೆ ಒಂದೇ ಸಮನೆ ಉರಿದರೆ ಒಂದೂವರೆ ಯೂನಿಟ್. ಬೇಕಾದಷ್ಟು ಬಿಸಿಯಾದ ಮೇಲೆ ಅದು ತಾನೇ ಆರಿ ಹತ್ತಿ ಮಾಡುವುದರಿಂದ ನಿಜವಾಗಿ ಇನ್ನೂ ಕಡಿಮೆ. ಗೃಹಜ್ಯೋತಿ ಇರುವ ಮನೆಯವರು ಒಂದನ್ನು ಗಮನಿಸಿ. ನಿಮ್ಮ ಮನೆಗೆ ಗೊತ್ತುಮಾಡಿದ ಯೂನಿಟ್ ಮೀರಿದರೆ ಮೀರಿದಷ್ಟಕ್ಕೆ ಮಾತ್ರ ಕಟ್ಟಬೇಕು, ಆದರೆ 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ವಾರಕ್ಕೊಂದು ಕೇಕಿನಿಂದ ಅಲ್ಲಿಗೆ ಹೋಗುವುದಿಲ್ಲ. ಗೀಸರ್ ಆಫ್ ಮಾಡಲು ಮರೆತರೆ ಹೋಗುತ್ತೆ.

ಇನ್ನೊಂದು ಮಾತು. ಇದನ್ನು 16 ಆಂಪಿಯರಿನ ದೊಡ್ಡ ಪವರ್ ಪ್ಲಗ್ಗಿಗೇ ಹಾಕಿ. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಪ್ಲಗ್ಗಿಗೆ ಈ ಹೊರೆ ಜಾಸ್ತಿ. ಹಳೆ ಬಾಡಿಗೆ ಮನೆಗಳ ಅಡುಗೆಮನೆಯಲ್ಲಿ ಪವರ್ ಪ್ಲಗ್ ಒಂದೇ ಇರುತ್ತೆ, ಅದೂ ಫ್ರಿಜ್ಜಿನ ಹಿಂದೆ. ಕೊಳ್ಳುವ ಮೊದಲು ನೋಡಿಕೊಳ್ಳಿ. ನಾನು ನೋಡಿರಲಿಲ್ಲ. ಎರಡು ವಾರ ಓಟಿಜಿ ಹಾಲಿನಲ್ಲಿ ಟಿವಿ ಪಕ್ಕ ಕೂತಿತ್ತು.

ಮೊಟ್ಟೆ ಹಾಕದೆ ಮೆತ್ತಗೆ ಬರುತ್ತಾ?

ಮೊಸರಿದ್ದರೆ ಬರುತ್ತೆ. ನಮ್ಮ ಮನೆಯ ಹುಟ್ಟುಹಬ್ಬಗಳೆಲ್ಲ ನಡೆಯುವುದು ಈ ಲೆಕ್ಕದ ಮೇಲೆ:

ಜಾಸ್ತಿ ಹುಳಿಯಾಗದ ಗಟ್ಟಿ ಮೊಸರು 1 ಕಪ್, ಸಕ್ಕರೆ ಮುಕ್ಕಾಲು ಕಪ್, ವಾಸನೆ ಇಲ್ಲದ ಎಣ್ಣೆ ಅರ್ಧ ಕಪ್, ಮೈದಾ ಒಂದೂವರೆ ಕಪ್, ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ವೆನಿಲಾ ಒಂದು ಟೀ ಚಮಚ, ಚಿಟಿಕೆ ಉಪ್ಪು.

ಮೊಸರಿಗೆ ಸಕ್ಕರೆ ಹಾಕಿ ಕರಗುವ ತನಕ ಕಲಸಿ. ಬೇಕಿಂಗ್ ಪೌಡರ್ ಮತ್ತು ಸೋಡಾ ಹಾಕಿ ಐದು ನಿಮಿಷ ಬಿಡಿ. ಗುಳ್ಳೆ ಎದ್ದು ಮೊಸರು ಉಬ್ಬುತ್ತೆ, ಮಕ್ಕಳನ್ನು ಕರೆದು ತೋರಿಸುವಂಥದ್ದು. ಆಮೇಲೆ ಎಣ್ಣೆ, ವೆನಿಲಾ, ಉಪ್ಪು. ಕೊನೆಗೆ ಮೈದಾವನ್ನು ಎರಡು ಮೂರು ಸಾರಿ ಜರಡಿ ಹಿಡಿದು ಸ್ವಲ್ಪ ಸ್ವಲ್ಪವೇ ಸೇರಿಸಿ. 180 ಡಿಗ್ರಿಯಲ್ಲಿ 30ರಿಂದ 35 ನಿಮಿಷ. ಇದು 7 ಇಂಚಿನ ಟಿನ್ನಿನ ಲೆಕ್ಕ. ಕುಕ್ಕರಿನಲ್ಲಿ 6 ಇಂಚಿನದಕ್ಕೆ ಮಾಡುವುದಾದರೆ ಎಲ್ಲವನ್ನೂ ಮೂರರಲ್ಲಿ ಎರಡು ಪಾಲು ಮಾಡಿಕೊಳ್ಳಿ. ಟಿನ್ನಿನಲ್ಲಿ ಮೂರನೇ ಒಂದು ಭಾಗವಾದರೂ ಉಬ್ಬಲು ಖಾಲಿ ಇರಲಿ.

ಮೈದಾ ಹಾಕಿದ ಮೇಲೆ ಜಾಸ್ತಿ ತಿರುಗಿಸಬೇಡಿ. ಚಪಾತಿ ಹಿಟ್ಟನ್ನು ನಾದಿದಷ್ಟೂ ಜಿಗುಟು ಬರುತ್ತಲ್ಲ, ಇಲ್ಲೂ ಹಾಗೇ. ಚಪಾತಿಗೆ ಅದು ಬೇಕು, ಕೇಕಿಗೆ ಬೇಡ.

ಅಡುಗೆ ಸೋಡಾ, ಬೇಕಿಂಗ್ ಪೌಡರ್ ಎರಡೂ ಒಂದೇ ತಾನೇ?

ಅಲ್ಲ. ಸೋಡಾ ಒಂದೇ ಇದ್ದರೆ ಅದಕ್ಕೆ ಹುಳಿ ಬೇಕು: ಮೊಸರು, ನಿಂಬೆಹಣ್ಣು, ವಿನೆಗರ್, ಏನಾದರೂ. ಹುಳಿ ತಾಗಿದ ಕೂಡಲೇ ಗ್ಯಾಸ್ ಬಿಟ್ಟು ಹಿಟ್ಟು ಹಗುರಾಗುತ್ತೆ. ಬೇಕಿಂಗ್ ಪೌಡರಿನಲ್ಲಿ ಸೋಡಾ ಜೊತೆಗೆ ಒಣ ಹುಳಿಯೂ ಸೇರಿರುತ್ತೆ. ಹಾಗಾಗಿ ಹಾಲು, ನೀರು ತಾಗಿದರೂ ಕೆಲಸ ಮಾಡುತ್ತೆ, ಬಿಸಿಗೆ ಇನ್ನಷ್ಟು ಮಾಡುತ್ತೆ. ಪೌಡರ್ ಖಾಲಿ ಅಂತ ಅಷ್ಟೇ ಸೋಡಾ ಸುರಿದರೆ ಕೇಕ್ ಸೋಪಿನ ರುಚಿ ಬರುತ್ತೆ.

ಹಳೆಯದೋ ಹೊಸತೋ ಅನುಮಾನ ಬಂದರೆ ಅರ್ಧ ಚಮಚ ಪೌಡರನ್ನು ಬಿಸಿನೀರಿಗೆ ಹಾಕಿ. ಬುರುಬುರು ಅಂದರೆ ಬಳಸಿ. ಸುಮ್ಮನೆ ಮುಳುಗಿದರೆ ಎಸೆಯಿರಿ. ಸೋಡಾ ಪರೀಕ್ಷೆಗೆ ನಿಂಬೆರಸ.

ನನ್ನ ಕೇಕ್ ನಡುವೆ ಕುಸಿಯುತ್ತೆ. ಯಾಕೆ?

ಬೇಯುವ ಮೊದಲೇ ಬಾಗಿಲು ತೆಗೆದಿರಿ, ಇಲ್ಲವೇ ಸೋಡಾ ಜಾಸ್ತಿ ಹಾಕಿದಿರಿ, ಇಲ್ಲವೇ ಒಳಗೆ ಇನ್ನೂ ಹಸಿ ಇತ್ತು. ಹತ್ತಕ್ಕೆ ಒಂಬತ್ತು ಸಾರಿ ಮೂರನೆಯದೇ. ತೆಂಗಿನ ಕಡ್ಡಿ ನಡುವೆ ಚುಚ್ಚಿ ನೋಡಿ, ಒಣಗಿ ಬರಬೇಕು. ಅಂಚಿಗೆ ಚುಚ್ಚಿ ನೋಡಿ ಮೋಸ ಹೋಗಬೇಡಿ.

ಕುಸಿದ ಕೇಕನ್ನು ಬಿಸಾಡುವುದೂ ಬೇಡ. ಹೋಳು ಮಾಡಿ 140 ಡಿಗ್ರಿಯಲ್ಲಿ ಗರಿಗರಿ ಆಗುವ ತನಕ ಒಣಗಿಸಿದರೆ ಕೇಕ್ ರಸ್ಕ್. ನಮ್ಮ ಮನೆಯಲ್ಲಿ ಕೇಕಿಗಿಂತ ರಸ್ಕಿಗೇ ಬೇಡಿಕೆ. ನನ್ನ ಯಜಮಾನರು ಒಳ್ಳೆ ಕೇಕ್ ಬಂದ ದಿನ ಸ್ವಲ್ಪ ಬೇಸರ ಮಾಡಿಕೊಳ್ಳುತ್ತಾರೆ.

ಅಯ್ಯಂಗಾರ್ ಬೇಕರಿಯ ಖಾರ ಬಿಸ್ಕತ್ತು ಮನೆಯಲ್ಲಿ ಆಗುತ್ತಾ?

ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ. ಬೆಂಗಳೂರಿನಲ್ಲಿ ಬೆಳೆದವರಿಗೆ ಬೇಕರಿ ಅಂದರೆ ಅಯ್ಯಂಗಾರ್ ಬೇಕರಿ. ಚಿಕ್ಕಪೇಟೆಯ ಬಿ.ಬಿ. ಬೇಕರಿ ಶುರುವಾಗಿದ್ದು 1898ರಲ್ಲಿ, ಹಾಸನದ ಕಡೆಯಿಂದ ಬಂದವರ ಕೈಯಲ್ಲಿ. ಆಮೇಲೆ ಅದೇ ಸೀಮೆಯ ಎಷ್ಟೋ ಕುಟುಂಬಗಳು ಊರೂರಿಗೆ ಬೇಕರಿ ಇಟ್ಟವು. ಮೊಟ್ಟೆ ಇಲ್ಲದೆ ಬೇಕ್ ಮಾಡುವುದು, ಹಸಿಮೆಣಸಿನಕಾಯಿ ಮತ್ತು ಕರಿಬೇವನ್ನು ಬಿಸ್ಕತ್ತಿನೊಳಗೆ ಸೇರಿಸುವುದು ಇವೆಲ್ಲ ಅಲ್ಲಿಯ ಒಲೆಯಲ್ಲಿ ಪಳಗಿದ ಕೈಗಳ ಕೆಲಸ.

ಮೈದಾ 250 ಗ್ರಾಂ, ತಣ್ಣಗಿರುವ ಬೆಣ್ಣೆ 125 ಗ್ರಾಂ, ಪುಡಿ ಸಕ್ಕರೆ ಎರಡು ದೊಡ್ಡ ಚಮಚ, ಉಪ್ಪು ಒಂದು ಟೀ ಚಮಚ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ. ಹಸಿಮೆಣಸಿನಕಾಯಿ ನಾಲ್ಕೈದು, ಶುಂಠಿ ಒಂದು ತುಂಡು, ಒಂದು ಹಿಡಿ ಕರಿಬೇವು, ಒಂದು ಹಿಡಿ ಕೊತ್ತಂಬರಿ. ಕಲಸಲು ಎರಡು ಮೂರು ಚಮಚ ಮೊಸರು.

ಕರಿಬೇವು, ಕೊತ್ತಂಬರಿ ತೊಳೆದು ಬಟ್ಟೆಯ ಮೇಲೆ ಪೂರ್ತಿ ಆರಿಸಿ, ಆಮೇಲೆ ಸಣ್ಣಗೆ ಹೆಚ್ಚಿ. ಮಿಕ್ಸಿಗೆ ಹಾಕಬೇಡಿ, ನೀರು ಬಿಟ್ಟು ಹಿಟ್ಟು ಹಸಿರಾಗುತ್ತೆ. ಬೆಣ್ಣೆಯನ್ನು ಹಿಟ್ಟಿಗೆ ಬೆರಳ ತುದಿಯಲ್ಲಿ ಉಜ್ಜಿ, ರವೆಯ ಹಾಗೆ ಉದುರು ಉದುರಾಗಬೇಕು. ಉಳಿದದ್ದನ್ನು ಸೇರಿಸಿ, ಮೊಸರು ಚಿಮುಕಿಸಿ, ಒಟ್ಟುಗೂಡುವಷ್ಟು ಮಾತ್ರ ಕಲಸಿ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಕಿರುಬೆರಳಿನ ಅರ್ಧ ದಪ್ಪಕ್ಕೆ ಲಟ್ಟಿಸಿ, ಸ್ಟೀಲ್ ಲೋಟದ ಬಾಯಿಂದ ಒತ್ತಿ ತೆಗೆಯಿರಿ. ಫೋರ್ಕಿನಿಂದ ನಾಲ್ಕು ತೂತು. 170 ಡಿಗ್ರಿಯಲ್ಲಿ 18ರಿಂದ 22 ನಿಮಿಷ. ಅಂಚು ಕೆಂಪಾದಾಗ ತೆಗೆಯಿರಿ. ಬಿಸಿಯಲ್ಲಿ ಮೆತ್ತಗಿರುತ್ತೆ, ಆರಿದ ಮೇಲೆ ಗರಿಗರಿ.

ಸಕ್ಕರೆ ಯಾಕೆ ಅಂತ ಕೇಳುತ್ತೀರಿ. ಖಾರ ಬಿಸ್ಕತ್ತು ಮೊದಲು ಸಿಹಿ ತೋರಿಸಿ ಆಮೇಲೆ ಖಾರ ಕೊಡಬೇಕು. ಸಕ್ಕರೆ ಬಿಟ್ಟರೆ ಅದು ಸುಮ್ನೆ ನಿಪ್ಪಟ್ಟಿನ ತಮ್ಮ.

ಹನಿ ಕೇಕ್?

ಮೇಲೆ ಹೇಳಿದ ಮೊಸರಿನ ಕೇಕೇ. ಬಿಸಿ ಇರುವಾಗಲೇ ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ, ಅರ್ಧ ಕಪ್ ನೀರಿಗೆ ಕಾಲು ಕಪ್ ಸಕ್ಕರೆ ಕರಗಿಸಿ ಇಳಿಸಿದ ಪಾಕಕ್ಕೆ ಮೂರು ಚಮಚ ಜೇನು ಬೆರೆಸಿ ಮೇಲೆ ಸುರಿಯಿರಿ. ಮಿಕ್ಸ್ಡ್ ಫ್ರೂಟ್ ಜಾಮನ್ನು ಒಂದು ಚಮಚ ಬಿಸಿನೀರಿನಲ್ಲಿ ಸಡಿಲ ಮಾಡಿ ಸವರಿ, ಒಣಕೊಬ್ಬರಿ ತುರಿ ಉದುರಿಸಿ. ಎರಡು ಗಂಟೆ ಬಿಟ್ಟು ಕತ್ತರಿಸಿ. ಎರಡು ಗಂಟೆ ಯಾರೂ ಬಿಡುವುದಿಲ್ಲ, ಅದು ಬೇರೆ ಮಾತು.

ಮೈದಾ, ಸಕ್ಕರೆ ಬೇಡ. ರಾಗಿ, ಬೆಲ್ಲದಲ್ಲಿ ಮಾಡಬಹುದಾ?

ಬಿಸ್ಕತ್ತು ಚೆನ್ನಾಗಿ ಆಗುತ್ತೆ. ಬರೀ ರಾಗಿಯಲ್ಲಿ ಕೇಕ್ ಮಾಡಲು ಹೋಗಬೇಡಿ, ನಾನು ನಾಲ್ಕು ಸಾರಿ ಸೋತಿದ್ದೇನೆ. ಗೋಧಿಯಲ್ಲಿರುವ ಜಿಗುಟು ರಾಗಿಯಲ್ಲಿಲ್ಲ. ಹಿಡಿದಿಡುವುದು ಏನೂ ಇಲ್ಲದೆ ಪುಡಿಪುಡಿಯಾಗುತ್ತೆ. ಅರ್ಧ ರಾಗಿ, ಅರ್ಧ ಗೋಧಿ ಹಾಕಿ.

ರಾಗಿ ಹಿಟ್ಟು 100 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ, ಬೆಣ್ಣೆ 100 ಗ್ರಾಂ, ಪುಡಿ ಬೆಲ್ಲ 80 ಗ್ರಾಂ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಏಲಕ್ಕಿ, ಒಂದೆರಡು ಚಮಚ ಹಾಲು. ರಾಗಿ ಹಿಟ್ಟನ್ನು ಮೊದಲು ಸಣ್ಣ ಉರಿಯಲ್ಲಿ ಘಮ್ಮೆನ್ನುವ ತನಕ ಹುರಿಯಿರಿ, ಹಸಿ ವಾಸನೆ ಹೋಗಬೇಕು. ಪೂರ್ತಿ ಆರಿದ ಮೇಲೆ ಕಲಸಿ. 170 ಡಿಗ್ರಿ, 15ರಿಂದ 18 ನಿಮಿಷ. ರಾಗಿ ಮೊದಲೇ ಕಂದು ಬಣ್ಣ, ಕೆಂಪಾಯಿತಾ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಗಡಿಯಾರ ನೋಡಿಯೇ ತೆಗೆಯಬೇಕು.

ನಮ್ಮ ಮಲೆನಾಡಿನವರು ಜೋನಿಬೆಲ್ಲ (ನೀರುಬೆಲ್ಲ) ಹಾಕಬಹುದಾ ಅಂತ ಕೇಳುತ್ತಾರೆ. ಹಾಕಿ, ರುಚಿ ಬೇರೆಯೇ. ಆದರೆ ಅದರಲ್ಲಿ ನೀರಿನಂಶ ಇರುವುದರಿಂದ ಹಾಲು ಬೇಡ, ಬಿಸ್ಕತ್ತು ಸ್ವಲ್ಪ ಮೆತ್ತಗೇ ಉಳಿಯುತ್ತೆ.

ಯಾವ ಬೆಣ್ಣೆ?

ಉಪ್ಪಿಲ್ಲದ್ದು. ನಂದಿನಿಯದ್ದು ಎರಡು ಥರವೂ ಸಿಗುತ್ತೆ, ಕವರ್ ಓದಿ ತನ್ನಿ. ಮನೆಯಲ್ಲಿ ಕಡೆದ ಬೆಣ್ಣೆಯೂ ಆಗುತ್ತೆ, ಮಜ್ಜಿಗೆ ಪೂರ್ತಿ ಹಿಂಡಿ ತೆಗೆದಿರಬೇಕು. ಬಿಸ್ಕತ್ತಿಗೆ ತುಪ್ಪ ಹಾಕುವುದಾದರೆ ಬೆಣ್ಣೆಗಿಂತ ಐದರಲ್ಲಿ ಒಂದು ಪಾಲು ಕಡಿಮೆ ಹಾಕಿ, ಬೆಣ್ಣೆಯಲ್ಲಿ ನೀರೂ ಇರುತ್ತೆ, ತುಪ್ಪದಲ್ಲಿ ಇಲ್ಲ.

ಮಂಗಳೂರಿನಲ್ಲಿದ್ದೇವೆ. ಮಳೆಗಾಲದಲ್ಲಿ ಬಿಸ್ಕತ್ತು ಮರುದಿನವೇ ಮೆತ್ತಗಾಗುತ್ತೆ.

ನಿಮ್ಮ ತಪ್ಪಲ್ಲ, ಗಾಳಿಯದು. ಪೂರ್ತಿ ಆರಿದ ಮೇಲೆಯೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಮೆತ್ತಗಾದದ್ದನ್ನು 150 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟು ಆರಿಸಿದರೆ ಮತ್ತೆ ಗರಿಗರಿ. ನಿಮ್ಮ ಕಡೆ ಕ್ರಿಸ್‌ಮಸ್ಸಿಗೆ ಕುಸ್ವಾರ್ (ಹಬ್ಬದ ಸಿಹಿ, ಕುರುಕಲು ತಿಂಡಿಗಳು) ಮಾಡುವ ಮನೆಯವರನ್ನು ಕೇಳಿ ನೋಡಿ. ಡಬ್ಬಿ ತುಂಬಿಸುವ ವಿಷಯದಲ್ಲಿ ನನಗಿಂತ ಅವರು ಪಳಗಿದವರು.

ಬ್ರೆಡ್ ಮನೆಯಲ್ಲೇ ಮಾಡುತ್ತೀರಾ?

ಇಲ್ಲ. ಬೀದಿ ಕೊನೆಯ ಬೇಕರಿಯಲ್ಲಿ ಸಂಜೆ ನಾಲ್ಕಕ್ಕೆ ಬಿಸಿಬಿಸಿ ಸಿಗುವಾಗ ಯಾಕೆ?

ಮನೆಯಿಂದಲೇ ಕೇಕ್ ಮಾರಬಹುದಾ?

ಮಾರಬಹುದು. ಮನೆ ಅಡುಗೆಮನೆಯಿಂದ ಮಾರಿದರೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು, ಆನ್‌ಲೈನಿನಲ್ಲೇ ಮಾಡಿಸಬಹುದು. ನಾನು ಒಂದು ವರ್ಷ ಆರ್ಡರ್ ತೆಗೆದುಕೊಂಡು ನಿಲ್ಲಿಸಿದೆ. ಭಾನುವಾರಗಳೆಲ್ಲ ಬೇರೆಯವರ ಹುಟ್ಟುಹಬ್ಬಕ್ಕೇ ಹೋಗುತ್ತಿದ್ದವು.

ಇನ್ನು ಮನೆಯ ವಿಷಯ.

ಕೈಯಲ್ಲಿ ಎರಡು ಸಾವಿರ ಇದೆ. ಮನೆ ಚೆಂದ ಕಾಣಲು ಮೊದಲು ಏನು ಕೊಳ್ಳಲಿ?

ಬಲ್ಬು. ನಗಬೇಡಿ. ನಮ್ಮ ಮನೆಗಳಲ್ಲಿ ಹಾಲಿಗೆ ಬಿಳಿ ಟ್ಯೂಬ್‌ಲೈಟ್ ಒಂದೇ ಹಾಕಿರುತ್ತಾರೆ. ಎಷ್ಟೇ ಒಳ್ಳೆ ಸೋಫಾ ಇಟ್ಟರೂ ಆ ಬೆಳಕಿನಲ್ಲಿ ಮನೆ ಪಂಚಾಯ್ತಿ ಆಫೀಸಿನ ಹಾಗೆ ಕಾಣುತ್ತೆ. ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲೆ ಕೆಲ್ವಿನ್ ಅಂತ ಒಂದು ಸಂಖ್ಯೆ ಇರುತ್ತೆ. 6500 ಅಂದರೆ ನೀಲಿ ಬಿಳುಪು, 2700ರಿಂದ 3000 ಅಂದರೆ ದೀಪದಂಥ ಹಳದಿ. ಓದುವ ಜಾಗಕ್ಕೆ, ಅಡುಗೆಮನೆಗೆ ಬಿಳಿಯೇ ಇರಲಿ. ಹಾಲಿನ ಮೂಲೆಗೆ, ಮಲಗುವ ರೂಮಿಗೆ ಹಳದಿ ತನ್ನಿ. ಒಂದು ಸಣ್ಣ ಟೇಬಲ್ ಲ್ಯಾಂಪಿನಲ್ಲಿ 5 ವಾಟಿನದು ಹಾಕಿ, ಸಂಜೆ ಟ್ಯೂಬ್‌ಲೈಟ್ ಆರಿಸಿ ನೋಡಿ.

ಅದಕ್ಕೂ ಮೊದಲು, ದುಡ್ಡೇ ಖರ್ಚಿಲ್ಲದ ಕೆಲಸ ಒಂದಿದೆ. ಟಿವಿ ಸ್ಟ್ಯಾಂಡಿನ ಮೇಲಿರುವುದನ್ನೆಲ್ಲ ಒಂದು ಬುಟ್ಟಿಗೆ ತುಂಬಿ ಒಂದು ವಾರ ಒಳಗಿಡಿ. ಯಾವುದನ್ನು ಯಾರೂ ಕೇಳಲಿಲ್ಲವೋ ಅದನ್ನು ಮತ್ತೆ ಹೊರಗೆ ತರಬೇಡಿ.

ಬಾಡಿಗೆ ಮನೆ. ಓನರ್ ಮೊಳೆ ಹೊಡೆಯಲು ಬಿಡುವುದಿಲ್ಲ.

ಅಂಟಿಸುವ ಹುಕ್ಕು ಬರುತ್ತೆ, ಆದರೆ ಗೋಡೆ ನೋಡಿ ಅಂಟಿಸಿ. ಅಂಗೈಯಿಂದ ಗೋಡೆ ಉಜ್ಜಿದಾಗ ಪುಡಿ ಹತ್ತಿದರೆ ಅದು ಸುಣ್ಣ ಅಥವಾ ಡಿಸ್ಟೆಂಪರ್. ಅಲ್ಲಿ ಯಾವ ಅಂಟೂ ನಿಲ್ಲುವುದಿಲ್ಲ, ರಾತ್ರಿ ಎರಡು ಗಂಟೆಗೆ ದಬಕ್ಕನೆ ಬಿದ್ದು ಮನೆಯವರನ್ನೆಲ್ಲ ಎಬ್ಬಿಸುತ್ತೆ. ಎಮಲ್ಷನ್ ಪೇಂಟ್ ಬಳಿದ ಗೋಡೆ, ಟೈಲ್ಸ್, ಮರದ ಬಾಗಿಲಿನ ಮೇಲೆ ನಿಲ್ಲುತ್ತೆ.

ಚಿತ್ರಗಳನ್ನು ತೂಗುಹಾಕಲೇಬೇಕು ಅಂತೇನಿಲ್ಲ. ಸಜ್ಜದ ಮೇಲೆ, ಕಿಟಕಿ ಕಟ್ಟೆಯ ಮೇಲೆ, ಸಣ್ಣ ಬೆಂಚಿನ ಮೇಲೆ ಗೋಡೆಗೆ ಒರಗಿಸಿ ಇಡಬಹುದು. ಹಳೆ ಮನೆಯಾದರೆ ಹಿಂದಿನವರು ಹೊಡೆದ ಮೊಳೆಗಳು ಇದ್ದೇ ಇರುತ್ತವೆ. ಕ್ಯಾಲೆಂಡರ್ ತೆಗೆದು ಅಲ್ಲೇ ನಿಮ್ಮ ಚಿತ್ರ ಹಾಕಿ.

ಗೋಡೆಗೆ ಬಣ್ಣ ಹೊಡೆಯಬಹುದಾ?

ಕೇಳಿ ಹೊಡೆಯಿರಿ. ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವ ರೂಢಿ ಇದೆ. ನಮ್ಮ ಹಿಂದಿನ ಮನೆಯಲ್ಲಿ ಮೂರು ವರ್ಷ ಗೋಡೆಗೆ ಒಂದು ಗೆರೆಯೂ ಬೀಳದ ಹಾಗೆ ಕಾಪಾಡಿದ್ದೆ, ಆದರೂ ಹಿಡಿದರು. ಈ ಮನೆಗೆ ಬಂದ ದಿನವೇ ಓನರ್ ಆಂಟಿಯನ್ನು ಕೇಳಿದೆ: "ಹೇಗೂ ಹಿಡೀತೀರಲ್ಲ ಆಂಟಿ, ಒಂದು ಗೋಡೆಗೆ ನನ್ನಿಷ್ಟದ ಬಣ್ಣ ಹಚ್ಕೋತೀನಿ." ಒಪ್ಪಿದರು. ಒಪ್ಪಿದ್ದನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.

ಒಂದೇ ಗೋಡೆ ಸಾಕು. 10 ಅಡಿಗೆ 10 ಅಡಿ ಗೋಡೆ 100 ಚದರಡಿ. ಎರಡು ಸಾರಿ ಬಳಿದರೆ ಒಂದು ಲೀಟರ್ ಎಮಲ್ಷನ್ ಸುಮಾರು 60ರಿಂದ 70 ಚದರಡಿಗೆ ಬರುತ್ತೆ, ಹಾಗಾಗಿ 2 ಲೀಟರ್ ತನ್ನಿ. ಸಣ್ಣ ಡಬ್ಬಿ ಮೊದಲು ತಂದು ಎರಡು ಅಡಿ ಜಾಗದಲ್ಲಿ ಬಳಿದು, ಬೆಳಿಗ್ಗೆ ಒಂದು ಸಾರಿ, ರಾತ್ರಿ ದೀಪದಲ್ಲಿ ಒಂದು ಸಾರಿ ನೋಡಿ. ಗೋಡೆಯಲ್ಲಿ ತೇವ ಇದ್ದರೆ ಬಣ್ಣವೂ ಬೇಡ, ವಾಲ್‌ಪೇಪರೂ ಬೇಡ. ಒಳಗೇ ಬೂಷ್ಟು ಬೆಳೆಯುತ್ತೆ. ಮೊದಲು ಸೋರಿಕೆ ಸರಿಮಾಡಿಸಿ.

ಹಳೆ ಸೀರೆಯಿಂದ ಕಿಟಕಿ ಪರದೆ ಮಾಡಿದ್ದೀರಂತೆ. ಹೇಗೆ?

ನಮ್ಮ ಮನೆಗೆ ಬಂದವರು ಮೊದಲು ಮುಟ್ಟಿ ನೋಡುವುದೇ ಅದನ್ನು. ಅತ್ತೆಯ ಹಳೆ ಇಳಕಲ್ ಸೀರೆ, ಹಸಿರು ಮೈ, ಕೆಂಪು ಅಂಚು. ಉಡಲು ಆಗದಷ್ಟು ಮಾಸಿತ್ತು, ಕೊಡಲು ಮನಸ್ಸಿರಲಿಲ್ಲ. ಹೀಗೆ ಗಂಟು ಕಟ್ಟಿಟ್ಟ ಸೀರೆ ಎಲ್ಲರ ಮನೆಯ ಬೀರುವಿನಲ್ಲೂ ಒಂದಾದರೂ ಇರುತ್ತೆ, ಅಲ್ವಾ?

ಲೆಕ್ಕ ಇಷ್ಟು. ಸೀರೆ ಉದ್ದ ಐದೂವರೆ ಮೀಟರ್, ಅಗಲ ಸುಮಾರು 45 ಇಂಚು. 7 ಅಡಿ ಎತ್ತರದ ಪರದೆಗೆ, ಮೇಲೆ ರಾಡ್ ತೂರಿಸುವ ಜಾಗ ಮತ್ತು ಕೆಳಗಿನ ಮಡಿಕೆ ಸೇರಿ 2.4 ಮೀಟರ್ ಬೇಕು. ಅಂಥವು ಎರಡು ಸಿಗುತ್ತವೆ. ಅಡ್ಡಕ್ಕೆ ಕತ್ತರಿಸಿದರೆ ಅಂಚುಗಳು ತಾವಾಗೇ ಪರದೆಯ ಎರಡೂ ಬದಿಗೆ ಬರುತ್ತವೆ, ಅಲ್ಲಿ ಹೊಲಿಗೆಯೂ ಬೇಕಿಲ್ಲ. ನೆರಿಗೆ ಚೆನ್ನಾಗಿ ಬರಬೇಕಾದರೆ ಬಟ್ಟೆಯ ಅಗಲ ಕಿಟಕಿಯ ಒಂದೂವರೆಯಿಂದ ಎರಡು ಪಟ್ಟು ಇರಬೇಕು. 4 ಅಡಿ ಕಿಟಕಿಗೆ ಈ ಎರಡು ಪರದೆ ಸರಿಯಾಗಿ ಕೂರುತ್ತವೆ.

ಉಳಿಯುವ 70 ಸೆಂಟಿಮೀಟರ್ ಸೆರಗಿನ ಕಡೆಯಿಂದ ಉಳಿಯಲಿ. ಇಳಕಲ್ ಸೀರೆಯಲ್ಲಿ ಸೆರಗಿನ ಉದ್ದೆಳೆಗಳನ್ನು ಮೈಯ ಉದ್ದೆಳೆಗಳಿಗೆ ಕೊಂಡಿ ಹಾಕಿ ಸೇರಿಸಿರುತ್ತಾರೆ, ಸೆರಗು ರೇಷ್ಮೆ, ಮೈ ಹತ್ತಿ. ತೋಪು ತೆನಿ ಎಂಬ ವಿನ್ಯಾಸದ ಸೆರಗಿನ ಆ ಕೆಂಪು ಬಿಳಿ ಹಲ್ಲುಗಳನ್ನು ಪರದೆಯ ಕೆಳಗೆ ಹಾಕಿ ಕೊಳೆ ಮಾಡುವುದಕ್ಕಿಂತ ದಿಂಬಿನ ಕವರ್ ಮಾಡುವುದು ಮೇಲು. ನಾನು ಎರಡು ಮಾಡಿದೆ. ಒಂದು ಹುಬ್ಬಳ್ಳಿಗೆ ಹೋಯಿತು, ಅತ್ತೆಯ ತಂಗಿಯ ಮನೆಗೆ.

ಬಿಸಿಲು ಬೀಳುವ ಕಿಟಕಿಯಾದರೆ ಹಿಂದೆ ಹಳೆ ಬಿಳಿ ಪಂಚೆ ಸೇರಿಸಿ ಹೊಲಿಸಿ, ಬಣ್ಣ ಬೇಗ ಹೋಗುವುದಿಲ್ಲ. ಕತ್ತರಿಸುವ ಮೊದಲು ಒಂದು ಸಾರಿ ಬೇರೆಯಾಗಿ ಒಗೆದು ಇಸ್ತ್ರಿ ಮಾಡಿ. ನಮ್ಮ ಬೀದಿಯ ಟೈಲರ್ ಎರಡು ಪರದೆ, ಎರಡು ಕವರಿಗೆ 350 ರೂಪಾಯಿ ತೆಗೆದುಕೊಂಡರು. ರೇಷ್ಮೆ ಸೀರೆಯನ್ನು ಇದಕ್ಕೆ ಬಳಸಬೇಡಿ, ಬಿಸಿಲಿಗೆ ಸೀಳಿಹೋಗುತ್ತೆ. ಮತ್ತೆ, ಯಾರ ಸೀರೆಯೋ ಅವರನ್ನು ಕೇಳದೆ ಕತ್ತರಿ ಹಾಕಬೇಡಿ. ನಾನು ಮೂರು ತಿಂಗಳು ಕಾದೆ. ಕೊನೆಗೆ ಅತ್ತೆಯೇ ಕತ್ತರಿ ತಂದುಕೊಟ್ಟರು.

ಸೋಫಾ ಹಳೆಯದು, ಬಟ್ಟೆ ಹರಿದಿದೆ. ಹೊಸದು ಕೊಳ್ಳಲು ಆಗಲ್ಲ.

ಕೌದಿ ಹೊದಿಸಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆ, ಧೋತರ, ಕುಬಸದ ತುಂಡುಗಳನ್ನು ಪದರ ಪದರವಾಗಿ ಇಟ್ಟು ಕೈಯಲ್ಲಿ ಹೊಲಿಯುವ ಹೊದಿಕೆ ಅದು. ಸೋಫಾದ ಬೆನ್ನಿನ ಮೇಲಿಂದ ಕೂರುವ ಜಾಗದವರೆಗೆ ಎಳೆದು, ಸಂದಿಗೆ ಸುತ್ತಿದ ಹಳೆ ಪೇಪರ್ ತುರುಕಿದರೆ ಜಾರುವುದಿಲ್ಲ. ಹೊಲಿಯಲು ಕೂತರೆ ತಿಂಗಳುಗಟ್ಟಲೆ ಬೇಕು. ಊರಿನಲ್ಲಿ ಹೊಲಿದುಕೊಡುವವರಿದ್ದಾರೆ, ಅವರಿಗೇ ನಿಮ್ಮ ಬಟ್ಟೆ ಕೊಟ್ಟು ಮಾಡಿಸಿ. ಚೌಕಾಸಿ ಮಾಡಬೇಡಿ, ದಯವಿಟ್ಟು. ಆ ಹೊಲಿಗೆಗಳನ್ನು ಒಂದು ಸಾರಿ ಎಣಿಸಿ ನೋಡಿ.

ಗೋಡೆಗೆ ದೊಡ್ಡ ಚಿತ್ರ ಬೇಕು. ಅಂಗಡಿಯಲ್ಲಿ ಸಾವಿರಾರು ಹೇಳುತ್ತಾರೆ.

ನೀವೇ ಬರೆಯಿರಿ. ನಮ್ಮ ಸಾಗರ, ಸೊರಬದ ಕಡೆ ದೀವರ ಸಮುದಾಯದ ಮನೆಗಳ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಅರೆದ ಬಿಳಿ, ಪುಂಡಿ ನಾರಿನ ಕುಂಚ. ಗೆರೆಗಳೆಲ್ಲ ನೇರ, ನೆಯ್ದ ಹಾಗೆ. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಚಿತ್ತಾರ. ನಾನು ಚಿಕ್ಕವಳಿದ್ದಾಗ ಪಕ್ಕದ ಮನೆಯಲ್ಲಿ ಮದುವೆಗೆ ಮುಂಚೆ ಬರೆಯುವುದನ್ನು ಇಡೀ ದಿನ ಕೂತು ನೋಡಿದ್ದೆ. ಅವರ ಕೈಯ ನಯ ನನಗೆ ಇವತ್ತಿಗೂ ಬಂದಿಲ್ಲ.

ನಾನು ಮಾಡಿದ್ದು ಇಷ್ಟೇ. 2 ಅಡಿಗೆ 3 ಅಡಿಯ ಪ್ಲೈವುಡ್ ತುಂಡು, ಬಡಗಿಯ ಹತ್ತಿರ ಉಳಿದಿದ್ದು. ಕೆಮ್ಮಣ್ಣಿಗೆ ನೀರು ಮತ್ತು ಸ್ವಲ್ಪ ಫೆವಿಕಾಲ್ ಬೆರೆಸಿ ಎರಡು ಸಾರಿ ಬಳಿದು ಒಣಗಿಸಿದೆ. ಪೆನ್ಸಿಲ್, ಸ್ಕೇಲಿನಿಂದ ಚೌಕ ಹಾಕಿಕೊಂಡು ಬಿಳಿ ಅಕ್ರಿಲಿಕ್ಕಿನಲ್ಲಿ ಅಂಚಿನ ಎಳೆಗಳನ್ನು ಮಾತ್ರ ಬರೆದೆ, ನಡುವೆ ಖಾಲಿ ಬಿಟ್ಟೆ. ಮೂರು ಸಂಜೆ ಹಿಡಿಯಿತು. ಯಾರಾದರೂ ಕೇಳಿದರೆ ಇದು ಯಾರ ಕಲೆ ಅಂತ ಹೇಳುತ್ತೇನೆ. ನೀವೂ ಹೇಳಿ.

ಚನ್ನಪಟ್ಟಣದ ಗೊಂಬೆಗಳು ಬಣ್ಣ ಕಳೆದುಕೊಳ್ಳುತ್ತಿವೆ.

ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೀರಿ ಅನಿಸುತ್ತೆ. ಅದು ಬಣ್ಣದ ಅರಗು, ತಿರುಗುವ ಮರದ ಮೇಲೆ ಒತ್ತಿ ಬಿಸಿಗೆ ಕರಗಿಸಿ ಹಿಡಿಸಿದ್ದು. ಒಣ ಮೆತ್ತನೆ ಬಟ್ಟೆ ಸಾಕು. ಬಿಸಿಲು ಬೀಳುವ ಕಿಟಕಿಯಲ್ಲೂ ಇಡಬೇಡಿ. ದಸರಾ ಗೊಂಬೆ ಕೂರಿಸುವ ಮೆಟ್ಟಿಲು ಮನೆಯಲ್ಲಿದ್ದರೆ ಅದನ್ನು ಹನ್ನೊಂದು ತಿಂಗಳು ಅಟ್ಟದಲ್ಲಿ ಇಡುವುದು ಯಾಕೆ? ಕೆಳಗಿನ ಎರಡು ಮೆಟ್ಟಿಲು ನಮ್ಮ ಮನೆಯಲ್ಲಿ ಪುಸ್ತಕದ ಕಪಾಟು.

ಗಿಡ ಇಟ್ಟರೆ ಸೊಳ್ಳೆ ಬರುತ್ತೆ ಅಂತಾರೆ.

ಬಾಟಲಿಯ ನೀರಲ್ಲಿ ಮನಿಪ್ಲಾಂಟ್ ಇಟ್ಟವರು ವಾರಕ್ಕೆ ಒಂದು ಸಾರಿಯಾದರೂ ನೀರು ಬದಲಿಸಿ, ಬಾಟಲಿಯ ಒಳಗೂ ಉಜ್ಜಿ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ. ಕುಂಡದ ಕೆಳಗಿನ ತಟ್ಟೆಯನ್ನೂ ಮರೆಯಬೇಡಿ. ಬೆಳಕು ಕಡಿಮೆ ಇರುವ ಹಾಲಿಗೆ ಮನಿಪ್ಲಾಂಟ್, ಸ್ನೇಕ್ ಪ್ಲಾಂಟ್ ಸರಿ. ತುಳಸಿಯನ್ನು ಒಳಗಿಟ್ಟು ಸಾಯಿಸಬೇಡಿ, ಅದಕ್ಕೆ ಬಿಸಿಲು ಬೇಕು.

ಬೆಂಗಳೂರಿನಲ್ಲಿ ಕಡಿಮೆ ಬೆಲೆಗೆ ಎಲ್ಲಿ ಕೊಳ್ಳುತ್ತೀರಿ?

ಪರದೆ ಬಟ್ಟೆಗೆ, ಲೇಸಿಗೆ ಚಿಕ್ಕಪೇಟೆಯ ಸುತ್ತಮುತ್ತ. ಮಣ್ಣಿನ ಕುಂಡ, ದೀಪಕ್ಕೆ ಪಾಟರಿ ಟೌನ್. ಗಿಡಕ್ಕೆ ಲಾಲ್‌ಬಾಗ್ ನರ್ಸರಿ. ಹಬ್ಬದ ಹಿಂದಿನ ದಿನ ಮಾತ್ರ ಯಾವ ಕಡೆಗೂ ಹೋಗಬೇಡಿ.

ನಿಮ್ಮ ಮನೆ ನೋಡಲು ಬರಬಹುದಾ?

ಬನ್ನಿ. ಭಾನುವಾರ ನಾಲ್ಕರ ಮೇಲೆ. ಅಷ್ಟೊತ್ತಿಗೆ ಕೇಕ್ ಆರಿರುತ್ತೆ. ಕುಸಿದಿದ್ದರೆ ಐದೂವರೆಗೆ ಬನ್ನಿ, ರಸ್ಕ್ ಆಗಿರುತ್ತೆ.